ಬಾವುಟದ ಏಳನೆಯ ಪಟ್ಟಿ

ಹದಿನೆಂಟು ರಂಧ್ರಗಳಿದ್ದವು. ಉದ್ದದ ಎರಡು ಬದಿಗೆ ಏಳೇಳು, ಅಗಲದ ಎರಡು ಬದಿಗೆ ಎರಡೆರಡು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣವು. ಅವನ್ನು ಎಣಿಸಿದವಳು ಅಮ್ಮ. ತಂದ ದಿನವೇ ನಾನು ಮಡಿಕೆ ಬಿಚ್ಚಿ ನೋಡಿದ್ದೆ; ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅದೊಂದು ಬಾವುಟ. ಕಪ್ಪು ಹತ್ತಿ ಬಟ್ಟೆಯ ನಡುವೆ ಬಿಳಿಯ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆ, ಪಕ್ಕದಲ್ಲಿ ಬೆರಳಗಲದ ಆರು ಬಿಳಿ ಪಟ್ಟಿಗಳ ಸಾಲು, ಸಾಲಿನ ನಡುವೆ ಒಂದು ಪಟ್ಟಿ ಹಿಡಿಯುವಷ್ಟು ಖಾಲಿ ಜಾಗ. ರಂಧ್ರಗಳಿದ್ದದ್ದು ಅಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಒಂದು ಸಬ್‌ಮರೀನ್ ಅದನ್ನು ಹಾರಿಸಿಕೊಂಡು ಬಂದರಿಗೆ ಮರಳುತ್ತಿತ್ತು.

ಶನಿವಾರಗಳಂದು ನಾನು ಸ್ಯಾನ್ ಫ್ರಾನ್ಸಿಸ್ಕೋದ ಧಕ್ಕೆಯಲ್ಲಿ ಕಟ್ಟಿ ನಿಲ್ಲಿಸಿರುವ ಹಳೆಯ ಸಬ್‌ಮರೀನ್ ಒಂದರಲ್ಲಿ ಜನರಿಗೆ ಎಂಜಿನ್ ಕೋಣೆ ತೋರಿಸುತ್ತೇನೆ. ಸಂಬಳವಿಲ್ಲದ ಕೆಲಸ. ಅದನ್ನು ನನಗೆ ಕಲಿಸಿಕೊಟ್ಟವರು ಎಂಬತ್ತರ ಹತ್ತಿರದ ಒಬ್ಬ ಇಂಗ್ಲಿಷ್ ಮಹಿಳೆ. ಅವರ ತಂದೆ ಆ ಬ್ರಿಟಿಷ್ ಸಬ್‌ಮರೀನಿನಲ್ಲಿ ಸಂಕೇತ ಕಳಿಸುವ ನಾವಿಕರಾಗಿದ್ದರು. ಬಾವುಟ ಹೊಲಿಯುವುದೂ ಕಾಯುವುದೂ ಅವರದೇ ಪಾಲಿನ ಕೆಲಸ. ಬ್ರಿಟಿಷ್ ಸಬ್‌ಮರೀನುಗಳ ಬಗ್ಗೆ ಒಂದು ಭಾನುವಾರ ನಗರದ ಲೈಬ್ರರಿಯಲ್ಲಿ ಆ ಮಹಿಳೆ ಮಾತಾಡುವುದಿತ್ತು. ತಂದೆ ತೀರಿಕೊಂಡ ಮೇಲೆ ಬಾವುಟವನ್ನು ನಾಲ್ಕು ಜನರೆದುರು ಬಿಡಿಸುವುದು ಅದೇ ಮೊದಲು. ಅದರ ಎಡಗಡೆಯ ಅಂಚಿನ ಹೊಲಿಗೆ ಬಿಟ್ಟುಕೊಂಡಿತ್ತು. ನನ್ನ ಅಮ್ಮ ಮಂಡ್ಯದಲ್ಲಿ ಮೂವತ್ತು ವರ್ಷ ಬ್ಲೌಸ್ ಹೊಲಿದವಳು, ಈಗ ಆರು ತಿಂಗಳಿಗೆಂದು ನನ್ನ ಜೊತೆಗಿದ್ದಾಳೆ ಎಂದು ಯಾವಾಗಲೋ ಹೇಳಿದ್ದೆ. ಅವರು ಅದನ್ನು ನೆನಪಿಟ್ಟುಕೊಂಡಿದ್ದು, ಭಾಷಣಕ್ಕೆ ಒಂದು ವಾರ ಮೊದಲು ಬಾವುಟವನ್ನು ನನ್ನ ಕೈಗೆ ಕೊಟ್ಟು ಕಳಿಸಿದರು.

"ಶನಿವಾರದ ದಿನ ಮನೆಗೆ ತಲೆಬುರುಡೆ ತಂದಿದ್ದೀಯಲ್ಲೇ!" ಎಂದಳು ಅಮ್ಮ. "ದೇವರ ಗೂಡಿನ ಕಡೆ ತರಬೇಡ ಅದ್ನ. ಯಾರದು ಈ ಕರ್ಮ?"

ಹೇಳಿದೆ. ಸಬ್‌ಮರೀನ್ ಹೊಸದಾಗಿ ಬಂದಾಗ ಬ್ರಿಟಿಷರ ದೊಡ್ಡ ಅಧಿಕಾರಿಗಳಿಗೇ ಅದು ಮರ್ಯಾದೆಯ ಯುದ್ಧವೆನ್ನಿಸಿರಲಿಲ್ಲ. ನೀರಿನಡಿ ಕಳ್ಳರ ಹಾಗೆ ಬಂದು ಹೊಡೆಯುವವರು, ಸಿಕ್ಕರೆ ಕಡಲ್ಗಳ್ಳರಂತೆ ನೇಣು ಹಾಕಬೇಕು ಎಂದವರಿದ್ದರು. ಮೊದಲ ಮಹಾಯುದ್ಧದಲ್ಲಿ ಹಡಗು ಮುಳುಗಿಸಿ ಮರಳಿದ ಒಬ್ಬ ಕ್ಯಾಪ್ಟನ್ ಆ ಬೈಗುಳವನ್ನೇ ಬಾವುಟ ಮಾಡಿ ಏರಿಸಿದ. ಎರಡನೆಯ ಯುದ್ಧದ ಹೊತ್ತಿಗೆ ಅದು ಸಂಪ್ರದಾಯವಾಗಿತ್ತು. ಮುಳುಗಿಸಿದ ಪ್ರತಿ ಸರಕು ಹಡಗಿಗೆ ಒಂದು ಬಿಳಿ ಪಟ್ಟಿ, ಯುದ್ಧನೌಕೆಗೆ ಕೆಂಪು, ಶತ್ರುವಿನ ದಡಕ್ಕೆ ಗುಟ್ಟಾಗಿ ಜನರನ್ನು ಇಳಿಸಿಬಂದರೆ ಕಠಾರಿ. ಯುದ್ಧ ಮುಗಿದು ಅಣುಶಕ್ತಿಯ ಸಬ್‌ಮರೀನುಗಳು ಬಂದವು, ತಿಂಗಳುಗಟ್ಟಲೆ ಸದ್ದಿಲ್ಲದೆ ನೀರಿನಡಿಯೇ ಇರುವ ಕಾಲ ಬಂತು; ಬಾವುಟದ ಪದ್ಧತಿ ಮಾತ್ರ ಹೋಗಲಿಲ್ಲ. ಆ ಡೀಸೆಲ್ ವಾಸನೆಯ ಕೊಳವೆಯೊಳಗೆ ಬದುಕಿದವರು, ಹೋದವರು ಮರಳದೆ ಇದ್ದಾಗಲೂ ಮತ್ತೆ ಇಳಿದವರು. ಅವರ ಬಗ್ಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ.

"ನಮ್ಮ ಪೈಲ್ವಾನರು ಗೆದ್ದ ಗದೆಗಳನ್ನ ಗರಡೀಲಿ ಸಾಲಾಗಿ ಇಡ್ತಿದ್ದಂಗೆ," ಎಂದಳು ಅಮ್ಮ. ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. "ಕೊಡೆ ಬಟ್ಟೆ ಕಣೆ ಇದು. ಎಲ್ಲಿ ತಗೊಂಡ್ರಂತೆ?"

ಸಿಂಹಳದ ಟ್ರಿಂಕೋಮಲಿಯ ಪೇಟೆಯಲ್ಲಿ. ಅವರ ಸಬ್‌ಮರೀನಿನ ನೆಲೆ ಅಲ್ಲೇ ಇತ್ತು. ಬಟ್ಟೆ ನಮ್ಮ ಕಡೆಯದೇ ಎಂದು ತಿಳಿದ ಮೇಲೆ ತಲೆಬುರುಡೆಯ ಮೇಲಿನ ಅವಳ ಸಿಟ್ಟು ಇಳಿಯಿತು.

ಆ ಮಹಿಳೆ ಕೇಳಿದ್ದು ಎಡ ಅಂಚನ್ನು ಮಾತ್ರ. ನಾನು ಅಮ್ಮನಿಗೆ, "ಬಿಟ್ಟುಕೊಂಡಿರೋದನ್ನ ಸರಿ ಮಾಡಮ್ಮ, ಸಾಕು," ಎಂದು ಹೇಳಿ ಸೋಮವಾರ ಆಫೀಸಿಗೆ ಹೋದೆ. ಅಂಚು ಮಾತ್ರ ಎಂದು ಬಿಡಿಸಿ ಹೇಳಲಿಲ್ಲ; ತಪ್ಪು ಅಲ್ಲಿಯದು, ನನ್ನದು.

ಬುಧವಾರ ಸಂಜೆ ಆಫೀಸಿನಿಂದ ಮರಳಿದಾಗ ಅಂಚು ಗಟ್ಟಿಯಾಗಿತ್ತು. ಪಟ್ಟಿಗಳ ಸಾಲಿನಲ್ಲಿದ್ದ ಖಾಲಿ ಜಾಗವೂ ತುಂಬಿತ್ತು. ಅಪ್ಪನ ಹಳೆಯ ಪಂಚೆಯ ತುಂಡನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿ, ಉಳಿದ ಆರರ ಮಾಸಲು ಬಣ್ಣಕ್ಕೆ ತಂದು, ಹೊಸದೊಂದು ಪಟ್ಟಿ ಹೊಲಿದಿದ್ದಳು. ಜಾಗ ಗೊತ್ತಿರದಿದ್ದರೆ ಹೊಸದು ಯಾವುದೆಂದು ನನಗೂ ಗುರುತು ಸಿಗುತ್ತಿರಲಿಲ್ಲ.

"ಹೊಲಿಗೆ ತೂತು ಹಂಗೇ ಇತ್ತು, ಪಟ್ಟಿ ಉದುರೋಗಿತ್ತು. ನೋಡಿಯೂ ಬಿಡೋಕಾಯ್ತದಾ?" ಎಂದಳು. ನನಗೆ ಹೆಮ್ಮೆಯಾಯಿತು. ಬೇರೇನೂ ಹೊಳೆಯಲಿಲ್ಲ.

ಭಾಷಣದ ಹಿಂದಿನ ದಿನ, ಶನಿವಾರ ಸಂಜೆ, ಆ ಮಹಿಳೆ ಟ್ರೈನಿನಲ್ಲಿ ಮೌಂಟನ್ ವ್ಯೂನ ನಮ್ಮ ಮನೆಗೆ ಬಂದರು, ಅಮ್ಮನಿಗೆಂದು ನಿಂಬೆಹಣ್ಣಿನ ಕೇಕ್ ತಂದಿದ್ದರು. ಅಮ್ಮ ಬಾವುಟವನ್ನು ಊಟದ ಮೇಜಿನ ಮೇಲೆ ಹಾಸಿದಳು. ಅವರು ಅಂಚನ್ನು ಮುಟ್ಟಿ ನಕ್ಕರು. ಆಮೇಲೆ ಪಟ್ಟಿಗಳ ಮೇಲೆ ಬೆರಳಾಡಿಸುತ್ತ ಹೋಗಿ ನಿಂತರು. ಇನ್ನೊಮ್ಮೆ ಎಣಿಸಿದರು.

"ಆರು ಇದ್ದವು," ಎಂದರು ಮೆಲ್ಲಗೆ.

ಏಳನೆಯದನ್ನು ಅವರ ತಂದೆಯೇ ತೆಗೆದಿದ್ದರು. ಯುದ್ಧ ಮುಗಿದು ವರ್ಷಗಳಾದ ಮೇಲೆ, ಆ ಪಟ್ಟಿಯ ಹಡಗಿನ ತಳದ ಕೋಣೆಯಲ್ಲಿ ಸರಕಲ್ಲ, ಶತ್ರು ಸೆರೆಹಿಡಿದ ಯುದ್ಧಕೈದಿಗಳಿದ್ದರು, ತಮ್ಮ ದೇಶದವರೂ ಇದ್ದರು ಎಂದು ತಿಳಿಯಿತು. ಹೊರಗಿನಿಂದ ನೋಡಿದವರಿಗೆ ತಿಳಿಯುವ ಗುರುತೇನೂ ಅದರ ಮೇಲಿರಲಿಲ್ಲ. ತಂದೆ ಅಡುಗೆಮನೆಯ ಮೇಜಿನ ಬಳಿ ಕೂತು, ಶೇವಿಂಗ್ ಬ್ಲೇಡಿನಿಂದ ಆ ಪಟ್ಟಿಯನ್ನು ಬಿಚ್ಚಿದ್ದನ್ನು ಚಿಕ್ಕ ಹುಡುಗಿಯಾಗಿದ್ದ ಇವರು ಎದುರು ನಿಂತು ನೋಡಿದ್ದರು. ರಂಧ್ರಗಳನ್ನು ಮುಚ್ಚಲು ಹೆಂಡತಿಗೂ ಬಿಡಲಿಲ್ಲ. ಹಳೆಯ ಗೆಳೆಯರು ಸೇರಿದಾಗಲೆಲ್ಲ ಬಾವುಟವನ್ನು ಖಾಲಿ ಜಾಗದ ಸಮೇತ ಗೋಡೆಗೆ ಹಾಕುತ್ತಿದ್ದರು. ನಾಳೆ ತಾನು ಹೇಳಬೇಕೆಂದಿದ್ದದ್ದೂ ಆ ಜಾಗದ ಬಗ್ಗೆಯೇ ಎಂದರು ಅವರು.

ನನಗೆ ನಾಚಿಕೆಯಾಯಿತು. ಅವರೇ ನನ್ನ ಕೈ ಹಿಡಿದು, "ನಿನ್ನ ತಾಯಿಗೆ ಹೇಳಬೇಡ. ಇಷ್ಟು ಚೆಂದದ ಕೆಲಸ. ನಾಳೆ ಬೇರೇನಾದರೂ ಮಾತಾಡುತ್ತೇನೆ," ಎಂದರು.

"ಏನಂತೆ?" ಅಮ್ಮ ಕೇಳಿದಳು. "ಮುಖ ಯಾಕೆ ಹಂಗಾಯ್ತು ಅವರ್ದು?"

ಸುಳ್ಳು ಹೇಳಬಹುದಿತ್ತು. ಅವರು ಹೇಳಿದ್ದನ್ನೆಲ್ಲ, ಹೇಳಬೇಡ ಎಂದದ್ದನ್ನೂ ಸೇರಿಸಿ, ಹೇಳಿದೆ. ಅಮ್ಮ ಕುರ್ಚಿ ಎಳೆದುಕೊಂಡು ಕೂತಳು. ತಾನು ಹೊಲಿದ ಪಟ್ಟಿಯ ಮೇಲೆ ಬೆರಳಿಟ್ಟಳು.

"ಬಿಚ್ಚಬೇಕು," ಎಂದಳು. "ಬೇಕಂತ ಖಾಲಿ ಬಿಟ್ಟಿರೋ ಜಾಗ ತುಂಬೋಕೆ ನಾನ್ಯಾರು? ಆದ್ರೆ ಈಗ ಬೇಡ. ದೀಪ ಹಚ್ಚೋ ಹೊತ್ತಲ್ಲಿ ಸೂಜಿ ಕತ್ತರಿ ಮುಟ್ಟಬಾರ್ದು. ಬೆಳಿಗ್ಗೆ ನೀನೇ ಬಿಚ್ಚು, ನಿನ್ನ ಕಣ್ಣು ಚುರುಕು."

"ರಂಧ್ರ ಉಳಿಯುತ್ತಾ ಅಮ್ಮ? ನಿನ್ನ ಹೊಲಿಗೇದು ಬೇರೆ ತೂತು ಬಿದ್ದಿರಲ್ವಾ?"

ಅಮ್ಮ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. "ಮೂವತ್ತು ವರ್ಷ ಏನು ಕತ್ತೆ ಕಾದ್ನಾ? ಹಳೇ ಬಟ್ಟೆಗೆ ಹೊಸ ತೂತು ಹಾಕ್ತಾರಾ ಯಾರಾದ್ರೂ? ಅವ್ರಪ್ಪ ಹಾಕಿದ ತೂತಲ್ಲೇ ಹಾಕಿದೀನಿ, ಹದಿನೆಂಟೂ. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ. ಹೇಳು ಆ ಅಮ್ಮಂಗೆ."

ಹೇಳಿದೆ. ಆ ಮಹಿಳೆ ಎದ್ದು ಬಂದು ಅಮ್ಮನ ಎರಡೂ ಕೈಗಳನ್ನು ಹಿಡಿದುಕೊಂಡರು. ಅಮ್ಮ ಮುಜುಗರಪಟ್ಟು, "ಕಾಫಿ ಆರೋಯ್ತದೆ, ಕುಡೀರಿ," ಎಂದು ಕನ್ನಡದಲ್ಲೇ ಅವರಿಗೆ ಹೇಳಿದಳು. ಬಾವುಟವನ್ನು ನಮ್ಮಲ್ಲೇ ಬಿಟ್ಟು ಅವರು ಹೊರಟರು.

ಮರುದಿನ ಬೆಳಿಗ್ಗೆ ಏಳೂವರೆಗೆ ಮೇಜನ್ನು ಪೂರ್ವದ ಕಿಟಕಿಗೆ ಸರಿಸಿದೆ. ಅಮ್ಮನ ಸಣ್ಣ ಕತ್ತರಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ, ದಾರವನ್ನು ಎಳೆಯದೆ, ಚಿಮುಟದಲ್ಲಿ ಮೇಲಕ್ಕೆತ್ತಿದೆ. ಅರ್ಧ ಗಂಟೆ ಹಿಡಿಯಿತು. ಪಟ್ಟಿ ಬಿಟ್ಟುಕೊಂಡ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಣಿಸಿದೆ.

"ಎಷ್ಟದೆ?" ಒಲೆಯ ಮುಂದಿಂದ ಅಮ್ಮ ಕೇಳಿದಳು.

"ಹದಿನೆಂಟು."

"ಮತ್ತೆ!" ಎಂದು ಅವಳು ಒಗ್ಗರಣೆಗೆ ಸಾಸಿವೆ ಹಾಕಿದಳು.

ಬಾವುಟವನ್ನು ಹಳೆಯ ಮಡಿಕೆಯಲ್ಲೇ ಮಡಿಸಿ ಚೀಲಕ್ಕಿಟ್ಟೆ. ಆಮೇಲೆ, ಬರೋದಿಲ್ಲ ಎನ್ನುತ್ತಿದ್ದ ಅಮ್ಮನಿಗೆ ರೇಷ್ಮೆ ಸೀರೆ ತೆಗೆದುಕೊಟ್ಟು, ಮಧ್ಯಾಹ್ನದ ಭಾಷಣಕ್ಕೆ ಇಬ್ಬರಿಗೂ ಟ್ರೈನ್ ಟಿಕೆಟ್ ತೆಗೆದೆ.