ಒಕಾಸಾನ್ ಹೆಣೆದ ಟೋಪಿ

ಮಂಚದ ಕೆಳಗಿನ ಪೆಟ್ಟಿಗೆ ತೆರೆದಾಗ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮೂರನೇ ಕ್ಲಾಸಿನ ಮಗಳು ಶಾಲೆಯವರೊಂದಿಗೆ ಹಿಮದ ಊರಿಗೆ ಹೊರಟಿದ್ದಳು, ಮೊದಲ ಸಲ ನನ್ನನ್ನು ಬಿಟ್ಟು. ಅವಳಿಗೆಂದು ನನ್ನ ಹಳೆಯ ಉಣ್ಣೆ ಟೋಪಿ ಹುಡುಕುತ್ತಿದ್ದೆ.

"ಕುಸಾಯ್! ನಾನ್ ಹಾಕೊಳಲ್ಲ ಅಮ್ಮಾ" ಎಂದು ಮೂಗು ಮುಚ್ಚಿಕೊಂಡಳು. ನಾತವಂತೆ. ಇಲ್ಲಿ ಜಪಾನಿನ ಓಜಿಮಾದಲ್ಲೇ ಹುಟ್ಟಿದವಳು, ಬೈಯುವುದಕ್ಕೆ ಅವಳಿಗೆ ಜಪಾನಿ ಭಾಷೆಯೇ ಆಗಬೇಕು.

ಆ ಟೋಪಿ ಹೆಣೆದವರು ಕನಜಾವಾದ ಒಕಾಸಾನ್. ಒಕಾಸಾನ್ ಎಂದರೆ ಅಮ್ಮ. ನಾನು ಪಿಎಚ್.ಡಿ. ಮಾಡುವಾಗ ಮಹಡಿಯ ಕೋಣೆ ಕೊಟ್ಟು, ಮನೆಮಗಳಂತೆ ಇಟ್ಟುಕೊಂಡಿದ್ದ ವೃದ್ಧ ದಂಪತಿಯಲ್ಲಿ ಹೆಂಡತಿ. ಗಂಡನನ್ನು ಒತೋಸಾನ್, ಅಂದರೆ ಅಪ್ಪ ಎನ್ನುತ್ತಿದ್ದೆ. ಈಗಲೂ ಚಳಿ ಶುರುವಾದರೆ ಒಕಾಸಾನ್ ಫೋನ್ ಮಾಡಿ, "ಕಿವಿ ಬೆಚ್ಚಗಿದೆಯಾ?" ಎಂದು ಕೇಳುತ್ತಾರೆ.

ನಾನೋ, ಮೈಸೂರಿನ ಶುದ್ಧ ಪುಳಿಚಾರು. ಜಪಾನಿನ ಸಾರಿನ ಬುಡದಲ್ಲೇ ಮೀನಿರುತ್ತದೆಂದು ತಿಳಿದ ದಿನ ಅನ್ನಕ್ಕೆ ಉಪ್ಪಿನಕಾಯಿ ಕಲಸಿಕೊಂಡು, ಮುಖ ಊದಿಸಿಕೊಂಡು ಕೂತಿದ್ದೆ. ಮಾರನೆಯ ದಿನದಿಂದ ಒಲೆಯ ಮೇಲೆ ಒಂದೇ ಪಾತ್ರೆ, ಕಡಲಕಳೆ ಬೇಯಿಸಿದ ಸಾರು, ಎಲ್ಲರಿಗೂ ಅದೇ. ಒತೋಸಾನ್ ಮೀನಿಲ್ಲದೆ ತುತ್ತೆತ್ತುವ ಮನುಷ್ಯರಲ್ಲ. ಸಂಜೆ ವಾಕಿಂಗ್ ಎಂದು ಹೊರಡುತ್ತಿದ್ದವರು ಪಕ್ಕದ ಬೀದಿಯ ಹೋಟೆಲಿನಲ್ಲಿ ಸುಟ್ಟ ಮೀನು ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದರೆಂದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಕೇಳಿದರೆ, "ಸುಮಿಮಾಸೆನ್, ವಾಸನೆ ಬಂತಾ?" ಎಂದು ನನ್ನನ್ನೇ ಕ್ಷಮೆ ಕೇಳಿದರು!

ಇಂಥವರಿಗೆ ಥ್ಯಾಂಕ್ಸ್ ಹೇಳುವುದು ಹೇಗೆ, ನೀವೇ ಹೇಳಿ. ನಾನು ಒಂದು ಅರಿಗಾತೋ ಅಂದರೆ ಅವರದು ಎರಡು. "ನಿನಗೆ ಏನೂ ಮಾಡಲಾಗಲಿಲ್ಲ" ಎಂಬ ಬೇಸರ ಬೇರೆ. ಶಿನಾಗಾವಾದಲ್ಲಿ ಕೆಲಸ ಸಿಕ್ಕಿ ಆ ಮನೆ ಬಿಡುವ ದಿನ ಹತ್ತಿರವಾದಾಗ ಅಮ್ಮ ಮೈಸೂರಿನಿಂದ ಫೋನ್ ಮಾಡಿದಳು. "ಅನ್ನ ಹಾಕಿದ ಮನೆ ಕಣೇ. ಇಬ್ಬರ ಕಾಲಿಗೂ ಬಿದ್ದು ಆಶೀರ್ವಾದ ತಗೊಂಡೇ ಹೊರಡು. ಬರೀ ಕೈ ಬೀಸಿ ಬಂದ್ಬಿಡಬೇಡ." ನನಗೂ ಸರಿಯೆನಿಸಿತು. ಅವರ ಆಶೀರ್ವಾದವಿಲ್ಲದೆ ಹೊಸ ಕೆಲಸಕ್ಕೆ ಕಾಲಿಡಲು ಮನಸ್ಸಿರಲಿಲ್ಲ. ಅದೂ ಅಲ್ಲದೆ ನಮಸ್ಕಾರವನ್ನು ವಾಪಸು ಕೊಡುವ ಹಾಗಿಲ್ಲವಲ್ಲ, ಈ ಸಲ ಸಿಕ್ಕಿಬಿದ್ದರು ಎಂದುಕೊಂಡೆ.

ಹೊರಡುವ ಬೆಳಿಗ್ಗೆ, ಚಾಪೆ ಹಾಸಿದ ಕೋಣೆಯಲ್ಲಿ ಇಬ್ಬರನ್ನೂ ನಿಲ್ಲಿಸಿ, ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿದೆ. ತಲೆಯ ಮೇಲೆ ಕೈ ಬರಲೆಂದು ಕಾದೆ. ಬರಲಿಲ್ಲ. ಓರೆಗಣ್ಣಿನಿಂದ ನೋಡಿದರೆ, ಶಿವನೇ! ಎದುರಿಗೆ ಎರಡು ನರೆತ ತಲೆಗಳು ಚಾಪೆಗೆ ಅಂಟಿಕೊಂಡಿವೆ. ಹಿರಿಯರು ಏಳದೆ ನಾನು ಹೇಗೆ ಏಳಲಿ? ಅತಿಥಿ ಏಳದೆ ಅವರು ಹೇಗೆ ಎದ್ದಾರು? ನಾನು ತುಸು ತಲೆಯೆತ್ತಿ, ನಾಚಿಕೊಂಡು ಮತ್ತೆ ಬಗ್ಗಿದರೆ ಅವರು ಇನ್ನೂ ಬಗ್ಗಿದರು. ಬಗ್ಗುವುದರಲ್ಲಿ ಜಪಾನಿನವರನ್ನು ಸೋಲಿಸಲು ಹೊರಟ ನನ್ನ ಬುದ್ಧಿಗೆ ಏನನ್ನಬೇಕು! ಕೊನೆಗೆ ಒತೋಸಾನರ ಮಂಡಿ ಲಟಕ್ಕೆಂದ ಮೇಲೆ ಮೂವರೂ ನಗುತ್ತಾ ಎದ್ದೆವು.

"ನೀವು ಬಗ್ಗಬಾರದು. ಸುಮ್ಮನೆ ನಿಂತು, ನನ್ನ ತಲೆ ಮೇಲೆ ಕೈಯಿಟ್ಟು, ಒಳ್ಳೆಯದಾಗಲಿ ಅನ್ನಬೇಕು, ಅಷ್ಟೇ" ಎಂದು ವಿವರಿಸಿದೆ.

ಒಕಾಸಾನ್ ಎರಡೂ ಕೈಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡರು. "ಇಷ್ಟು ಓದಿದ ಹುಡುಗಿಯ ತಲೆ ಮೇಲೆ ಕೈಯೇ? ನಾವು ಅಷ್ಟು ದೊಡ್ಡವರಲ್ಲಮ್ಮ." ಒತೋಸಾನ್ ಕಾರು ಬಿಸಿಮಾಡುತ್ತೇನೆಂದು ಹೊರಗೆ ನಡೆದೇಬಿಟ್ಟರು. ನನಗೆ ಅಳುವೇ ಬಂತು.

ಸ್ಟೇಷನ್ನಿನಲ್ಲಿ ಒತೋಸಾನ್ ಬುತ್ತಿಯ ಗಂಟನ್ನು ನನ್ನ ಕೈಗಿಟ್ಟು, "ಮೀನಿಲ್ಲ" ಎಂದರು. ರೈಲು ಬಂತು. ಒಕಾಸಾನ್ ತುದಿಗಾಲಿನಲ್ಲಿ ನಿಂತು ನನ್ನ ಟೋಪಿಯನ್ನು ಕಿವಿಯ ಮೇಲೆ ಎಳೆದರು. ಹಿಂದೆ ಸರಿಮಾಡಿದರು, ಮುಂದೆ ಸರಿಮಾಡಿದರು. ಆಮೇಲೆ ಅಂಗೈಯನ್ನು ನೆತ್ತಿಯ ಮೇಲೆ ಒತ್ತಿ ಹಿಡಿದು, ಮೆಲ್ಲಗೆ ಏನೋ ಗೊಣಗಿಕೊಂಡರು. ನನಗೋ ರೈಲಿನ ಗಾಬರಿ. "ಸರಿಯಾಗೇ ಇದೆ, ಒಕಾಸಾನ್" ಎಂದು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದರೆ ಇಬ್ಬರೂ ಸೊಂಟ ಬಗ್ಗಿಸಿ ನಿಂತಿದ್ದರು. ರೈಲು ಹೊರಟರೂ ತಲೆ ಎತ್ತಲಿಲ್ಲ.

"ಆಶೀರ್ವಾದ ತಗೊಂಡ್ಯಾ?" ಎಂದು ಆ ರಾತ್ರಿ ಫೋನಿನಲ್ಲಿ ಅಮ್ಮ ಕೇಳಿದಳು.

"ಎಲ್ಲಿ ಅಮ್ಮ, ಅವರೇ ನನ್ನ ಕಾಲಿಗೆ ಬಿದ್ದುಬಿಟ್ರು!"

ಈ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ನಕ್ಕು ಮುಗಿದ ಮೇಲೆ ಮಾತ್ರ ಪ್ರತಿಸಲವೂ ಅದೇ ಕೊರಗು, ಬೇಡಿದ್ದೊಂದನ್ನು ಪಡೆಯದೆ ಬಂದೆನಲ್ಲ ಎಂದು.

ಅಂತೂ ಮಗಳು ಟೋಪಿ ಹಾಕಿಕೊಂಡಳು. ಬಾಗಿಲಲ್ಲಿ ಅದನ್ನು ಅವಳ ಕಿವಿಯ ಮೇಲೆ ಎಳೆದೆ. ಹಿಂದೆ ಸರಿಮಾಡಿದೆ, ಮುಂದೆ ಸರಿಮಾಡಿದೆ. ಹುಷಾರಾಗಿ ಹೋಗಿ ಬರಲಿ ದೇವರೇ ಎಂದು ನನ್ನಷ್ಟಕ್ಕೇ ಅಂದುಕೊಳ್ಳುತ್ತಿದ್ದೆ. ಕೈ ಅವಳ ನೆತ್ತಿಯ ಮೇಲೇ ಉಳಿದಿತ್ತು.

"ಸರಿಯಾಗೇ ಇದೆ ಅಮ್ಮಾ. ಬಸ್ ಹೋಗತ್ತೆ" ಎಂದು ತಪ್ಪಿಸಿಕೊಂಡು ಓಡಿದಳು.

ನಾನು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ಬಾಗಿಲಲ್ಲಿ ನಿಂತುಬಿಟ್ಟೆ. ಮೈಸೂರಿನಲ್ಲಿ ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ.

"ಅಮ್ಮಾ, ಕನಜಾವಾದಿಂದ ಹೊರಟ ದಿನ ಆಶೀರ್ವಾದ ಸಿಗಲಿಲ್ಲ ಅಂದಿದ್ನಲ್ಲ?"

"ಹೂಂ, ಅವರೇ ನಿನ್ನ ಕಾಲಿಗೆ ಬಿದ್ರು ಅಂದೆ."

"ಸಿಕ್ಕಿತ್ತು ಅಮ್ಮ."