ಹಿಂದಕ್ಕೆ ಹಾರುತ್ತಿದ್ದ ಬಾವುಟ

ನಮ್ಮ ಡ್ರಾಯಿಂಗ್ ಸರ್ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ನೀಲಿ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಅದೇ ಬೆರಳಿನಿಂದ ರೊಟ್ಟಿ ಮುರಿಯುತ್ತಿದ್ದರು, ನಮ್ಮ ಕಿವಿಯನ್ನೂ ಹಿಂಡುತ್ತಿದ್ದರು. ಮನೆಗೆ ಹೋದರೆ ಅವ್ವ ನನ್ನ ಕಿವಿ ನೋಡಿ, "ಇವತ್ತೂ ಸಮುದ್ರ ಕೆಡಿಸಿದೇನೋ?" ಎಂದು ನಗುತ್ತಿದ್ದಳು.

ಸಮುದ್ರವೆಂದರೆ ಕುಷ್ಟಗಿಯ ನಮ್ಮ ಶಾಲೆಯ ಹಾಲ್‌ನ ಉದ್ದ ಗೋಡೆ. ವಿಜಯನಗರದ ಅರಸರಿಗೆ ಅರಬರ ಹಡಗಿನಲ್ಲಿ ಕುದುರೆಗಳು ಬರುತ್ತಿದ್ದ ಚಿತ್ರವನ್ನು ಅವರು ಅದರ ತುಂಬ ಬರೆಯುತ್ತಿದ್ದರು. ನಮ್ಮ ಕೈಗೂ ಒಂದೊಂದು ಕುಂಚ ಕೊಟ್ಟಿದ್ದರು. "ಇತಿಹಾಸದ ಮಾಸ್ತರು ರಾಜಾನ ಹೆಸರು ಹೇಳ್ತಾರ. ರಾಜಾ ಹತ್ತಿದ ಕುದರಿ ಎಲ್ಲಿಂದ ಬಂತು ಅಂತ ಯಾರ ಹೇಳಬೇಕು? ನಾನ ಹೇಳಬೇಕು" ಎನ್ನುವರು.

ತಮಾಷೆಯೆಂದರೆ ಅವರು ಕಡಲನ್ನು ಕಂಡವರೇ ಅಲ್ಲ. ಬಸ್ಸು ಹತ್ತಿದರೆ ತಾಸೊಪ್ಪತ್ತಿನ ಹಾದಿಯ ಹಿಟ್ನಾಳ ಬರುವಷ್ಟರಲ್ಲಿ ವಾಂತಿ. ಕಾರವಾರ ದೂರದ ಮಾತು. ಹಿಂಗಾರಿನ ಬಿಳಿಜೋಳ ಗಾಳಿಗೆ ಬಾಗಿ ಏಳುವುದನ್ನು ಬದುವಿನ ಮೇಲೆ ಕೂತು ನೋಡಿ ತೆರೆಗಳನ್ನು ಬರೆದರು. ಆ ಕಾಲದ ಹಡಗುಗಳ ಹಲಗೆಗೆ ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರೆಂದು ಎಲ್ಲೋ ಓದಿದ್ದರು. ಸರಿ, ಎಪಿಎಂಸಿಯಲ್ಲಿ ಚೀಲ ಹೊಲಿಯುವ ಹಮಾಲರ ಪಕ್ಕ ಎರಡು ದಿನ ಕೂತರು. ದಬ್ಬಣ ಎಲ್ಲಿ ಚುಚ್ಚಿ ಎಲ್ಲಿ ಏಳುತ್ತದೆಂದು ನೋಡಿಕೊಂಡು ಬಂದು ಹಡಗಿನ ಒಂದೊಂದು ಹೊಲಿಗೆಯನ್ನೂ ಬರೆಸಿದರು. ನಾನೊಂದು ಹೊಲಿಗೆ ಬಿಟ್ಟಿದ್ದೆ. "ಲೇ ತಮ್ಮಾ, ಇಲ್ಲಿಂದ ನೀರು ಒಳಗ ಬರತೈತಿ. ನಲವತ್ತು ಕುದರಿ ಮುಳಗಿಸಿದಿ ನೋಡು!" ಎಂದು ಕಿವಿ ಹಿಡಿದರು. ಆ ನಲವತ್ತು ಕುದುರೆಗಳ ಚಿಂತೆ ನನಗೆ ಒಂದು ವಾರ ಇತ್ತು. ಚಿಂತೆ ಮಾಡುವುದರಲ್ಲಿ ನಾನು ಹುಟ್ಟಾ ಪ್ರತಿಭಾವಂತ.

ಮುಂದೆ ಅದೇ ಶಾಲೆಗೆ ಇತಿಹಾಸದ ಮಾಸ್ತರನಾಗಿ ಬಂದೆ. ಕಳೆದ ವರ್ಷ ಮಕ್ಕಳನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ದಿದ್ದೆವು. ದಂಡೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ತಲೆ ಎಣಿಸುತ್ತಿದ್ದವನ ಕಣ್ಣಿಗೆ ಒಂದು ಹಾಯಿದೋಣಿ ಬಿತ್ತು. ಗಾಳಿ ಅದನ್ನು ಹಿಂದಿನಿಂದ ದೂಡುತ್ತಿತ್ತು. ಹಾಯಿ ಮುಂದಕ್ಕೆ ಉಬ್ಬಿತ್ತು, ಕಂಬದ ತುದಿಯ ಬಾವುಟವೂ ಮುಂದಕ್ಕೇ ಹಾರುತ್ತಿತ್ತು. ಎಣಿಸುತ್ತಿದ್ದ ತಲೆಗಳ ಲೆಕ್ಕ ತಪ್ಪಿತು. ಸರ್ ಬರೆದ ಹಡಗಿನಲ್ಲಿ ಹಾಯಿ ಮುಂದಕ್ಕೆ, ಬಾವುಟ ಹಿಂದಕ್ಕೆ! ನಾವು ಬಾವುಟ ನೋಡಿದ್ದು ಟ್ರ್ಯಾಕ್ಟರ್ ಮೇಲೆ, ಮೋಟರ್ ಸೈಕಲ್ ಮೇಲೆ. ಅಲ್ಲಿ ಅದು ಹಿಂದಕ್ಕೇ ಹಾರುತ್ತದೆ. ಗಾಳಿಯೇ ದೂಡುವ ಗಾಡಿ ನಮ್ಮ ಕಡೆ ಯಾವುದಿದೆ?

ಹೇಳಲೋ ಬೇಡವೋ ಎಂದು ಮೂರು ತಿಂಗಳು ಒದ್ದಾಡಿದೆ. ಸರ್ ನಿವೃತ್ತರಾಗಿ ಮನೆಯಲ್ಲಿದ್ದರು, ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಕೊನೆಗೊಂದು ದಿನ ಹೇಳಿಯೇಬಿಟ್ಟೆ. ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಎಡಗೈಯಿಂದ ಕಣ್ಣೊರೆಸಿಕೊಂಡರು.

"ಇಷ್ಟು ವರ್ಷ ಹುಡುಗೂರಿಗೆ ಸುಳ್ಳ ತೋರಿಸೀನಲ್ಲೋ. ನಾ ಹೋಗೋದ್ರಾಗ ಅದು ಸರಿ ಆಗಬೇಕು, ಕಣ್ಣಿಲೆ ನೋಡಬೇಕು. ನೀ ಏಣಿ ಹತ್ತು, ನಾ ಕೆಳಗ ಕುರ್ಚಿ ಹಾಕ್ಕೊಂಡು ಹೇಳ್ತೀನಿ."

"ಆತ್ರಿ ಸರ, ಐತವಾರ ಬರ್ತೀನ್ರಿ" ಎಂದೆ.

ಆ ಐತವಾರ ಏಣಿ ಸಿಗಲಿಲ್ಲ ಎಂದೆ. ಮುಂದಿನ ವಾರ ಹೆಡ್‌ಮಾಸ್ತರರನ್ನು ಕೇಳಬೇಕು ಎಂದೆ. ಅದರ ಮುಂದಿನ ವಾರ ಸೊಂಟನೋವು. ನಿಜ ಬೇರೆಯೇ ಇತ್ತು. ನನಗೆ ಆ ಗೋಡೆಯನ್ನು ಮುಟ್ಟಲು ಅಂಜಿಕೆ. ಅವರ ಕಣ್ಣೆದುರಿಗೇ ಅವರ ಹಡಗನ್ನು ಕೆಡಿಸಿಬಿಟ್ಟರೆ? ನಾಲ್ಕನೆಯ ಐತವಾರ ಫೋನ್ ಮಾಡಿ, "ಮೋಡ ಆಗೈತ್ರಿ ಸರ, ಮಳಿ ಬರೋ ಹಂಗ ಐತಿ" ಎಂದೆ.

"ಹಾಲ್‌ನ್ಯಾಗ ಹೆಂಗ ಮಳಿ ಬರತೈತೋ ತಮ್ಮಾ?"

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ. "ಇರಲಿ, ಮುಂದಿನ ವಾರ ಬಾ" ಎಂದರು.

ಬುಧವಾರ ಹೋಗಿಬಿಟ್ಟರು.

ಮಣ್ಣಿಗೆ ಹೋದಾಗ ಅವರ ಹೆಂಡತಿ, ನಾವೆಲ್ಲ ಅಕ್ಕಾರು ಎನ್ನುವವರು, ನನ್ನ ಕೈ ಹಿಡಿದುಕೊಂಡರು. "ನಾಕು ಐತವಾರನೂ ಇಸ್ತ್ರಿ ಅಂಗಿ ಹಾಕಿಸ್ಕೊಂಡು ಮುಂಜಾನಿಂದ ಕಟ್ಟಿ ಮ್ಯಾಲ ಕುಂತಿದ್ರಪ್ಪ. ಊಟಕ್ಕ ಕರದ್ರ, ತಡಿ, ಅವ ಬರ್ತಾನ ಅನ್ನೋರು." ನನ್ನನ್ನು ಬೈಯಲು ಹೇಳಿದ್ದಲ್ಲ. ಗಂಡನ ಹುಚ್ಚು ನೆನೆದು ಅತ್ತರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ದಿನಕರ್ಮ ಮುಗಿದ ಮೇಲೆ ಏಣಿ ಹತ್ತಿದೆ. ಏಣಿ ಶಾಲೆಯ ಸ್ಟೋರ್ ರೂಮಿನಲ್ಲೇ ಇತ್ತು. ಹೆಡ್‌ಮಾಸ್ತರರು, "ಅದಕ್ಕ್ಯಾಕ ನನ್ನ ಕೇಳ್ತೀರಿ, ಬರೀರಿ" ಎಂದರು. ಹಳೆಯ ಬಾವುಟವನ್ನು ಆಕಾಶದ ಬಣ್ಣದಿಂದ ಮುಚ್ಚಿ, ಹೊಸದೊಂದನ್ನು ಮುಂದಕ್ಕೆ ಹಾರುವಂತೆ ಬರೆದೆ. ಅರ್ಧ ತಾಸೂ ಹಿಡಿಯಲಿಲ್ಲ. ಏನೂ ಕೆಡಲಿಲ್ಲ.

ಅಕ್ಕಾರನ್ನು ಕರೆತಂದು ತೋರಿಸಿದೆ. ಸೆರಗು ಬಾಯಿಗೆ ಹಿಡಿದು, ಬಹಳ ಹೊತ್ತು ಕತ್ತೆತ್ತಿ ನೋಡಿದರು.

"ಛಲೋ ಬರದೀಯಪ್ಪ" ಎಂದರು. ಆಮೇಲೆ ಮೆಲ್ಲಗೆ ಕೇಳಿದರು: "ಇಷ್ಟಕ್ಕ ಕಾಯಾಕ್ಹತ್ತಿದ್ರೇನು ಅವರು?"

ನಾನು ಗೋಡೆಗೆ ಒರಗಿಸಿದ್ದ ಏಣಿ ಎತ್ತಿಕೊಂಡು ಸ್ಟೋರ್ ರೂಮಿನ ಕಡೆ ನಡೆದೆ.