ಹೆಪ್ಪಿನ ಮಡಕೆ, ಬೂಷ್ಟಿನ ಭರಣಿ

ನಮ್ಮ ಚೋರ್ಬೋಗ್ ಹಳ್ಳಿಯಲ್ಲಿ ಮಸ್ತೂರಾಳ ಮೂಗಿಗೆ ಅಂಜದ ಹೆಂಗಸಿಲ್ಲ. ಯಾರ ಮನೆಗೆ ಚಹಾಕ್ಕೆ ಹೋದರೂ ಬಟ್ಟಲನ್ನು ಮೊದಲು ಬೆಳಕಿಗೆ ಹಿಡಿಯುತ್ತಾಳೆ, ಆಮೇಲೆ ಮೂಸುತ್ತಾಳೆ, ಕೊನೆಗೆ ತಲೆವಸ್ತ್ರದ ತುದಿಯಿಂದ ಅಂಚು ಒರೆಸಿ, ಮನೆಯವಳ ಮುಖ ಕೆಂಪಾದದ್ದನ್ನು ಕಂಡೂ ಕಾಣದವಳಂತೆ ಒಂದು ಗುಟುಕು ಕುಡಿಯುತ್ತಾಳೆ. ಮದುವೆಯ ಪಲಾವಿನಲ್ಲಿ ಒಂದು ಕೂದಲು ಸಿಕ್ಕಿತೆಂದು ಮೂರು ವರ್ಷ ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಪಕ್ಕದ ಮನೆಯ ತುರ್ಸುನೊಯ್ ಹೇಳುವ ಹಾಗೆ, ಸ್ವರ್ಗದ ಬಾಗಿಲಿಗೆ ಹೋದರೂ ಅವಳು ಮೊದಲು ಹೊಸ್ತಿಲು ತಿಕ್ಕಿಯೇ ಒಳಗೆ ಕಾಲಿಡುವವಳು.

ಈ ಗೀಳು ಹುಟ್ಟಿನಿಂದ ಬಂದದ್ದಲ್ಲ. ಅವಳಿಗೆ ಒಂಬತ್ತು ವರ್ಷ, ಶಾಲೆಯ ಮಕ್ಕಳೆಲ್ಲ ಹತ್ತಿ ಬಿಡಿಸಲು ಹೋಗುತ್ತಿದ್ದ ಕಾಲ. ಬಾಯಾರಿ ಕಾಲುವೆಯ ನೀರು ಕುಡಿದಳು. ಆ ಚಳಿಗಾಲ ಅವಳ ಹೊಟ್ಟೆಯಿಂದ ಗೇಣುದ್ದದ ಬಿಳಿ ಹುಳ ಬಿತ್ತು. ಬಿದ್ದ ಮೇಲೂ ಮಿಸುಕುತ್ತಿತ್ತು. ಅಜ್ಜಿ ಅದನ್ನು ಕಡ್ಡಿಯಿಂದ ಎತ್ತಿ ಒಲೆಗೆ ಹಾಕಿದಳು. ಅದು ಚಿಟಿಲ್ ಎಂದ ಸದ್ದು ಐವತ್ತು ವರ್ಷದ ಮೇಲೂ ಅವಳ ಕಿವಿಯಲ್ಲಿದೆ. ಅಂಥದೊಂದು ತನ್ನೊಳಗೆ ಸಂಸಾರ ಹೂಡಿತ್ತಲ್ಲ ಎಂದು ನೆನೆದರೆ ಈಗಲೂ ಊಟದ ನಡುವೆ ಎದ್ದು ಹೋಗುತ್ತಾಳೆ.

ಇಷ್ಟೊಂದು ಅಸಹ್ಯಪಡುವವಳ ರೊಟ್ಟಿ ಮಾತ್ರ ಊರಿಗೇ ಹೆಸರು. ಅದರ ಗುಟ್ಟು ಹೆಪ್ಪಿನ ಮಡಕೆಯಲ್ಲಿತ್ತು. ರೊಟ್ಟಿಯ ಹಿಟ್ಟನ್ನು ಉಬ್ಬಿಸಲು ಬೆರೆಸುವ, ಅತ್ತೆಯಿಂದ ಬಂದ ಹುಳಿಹಿಟ್ಟು, ಮೂವತ್ತೈದು ವರ್ಷ ಅವಳ ಕೈಯಲ್ಲಿ ಒಂದು ದಿನವೂ ಕೆಡದೆ ಉಳಿದದ್ದು. ಅದಕ್ಕೆ ಒದ್ದೆ ಚಮಚ ಮುಟ್ಟಿಸುವಂತಿಲ್ಲ, ಮುಚ್ಚಳ ತೆಗೆದಾಗ ಮಾತಾಡುವಂತಿಲ್ಲ, ಹೊರಗಿನವರ ಕಣ್ಣಿಗೆ ಬೀಳುವಂತಿಲ್ಲ. ಸೊಸೆ ಬಂದ ವರ್ಷವೇ ಮಡಕೆಯನ್ನು ಅವಳ ಕೈಗೆ ಕೊಡುವುದು ಆ ಮನೆಯ ಪದ್ಧತಿ. ಶೋಹಿದಾ ಸೊಸೆಯಾಗಿ ಬಂದು ಮೂರು ವರ್ಷವಾದರೂ ಮಸ್ತೂರಾ ಕೊಟ್ಟಿರಲಿಲ್ಲ. ಅಂದಿಜಾನ್ ಪಟ್ಟಣದಲ್ಲಿ ಎರಡು ವರ್ಷ ಬೇಸಾಯ ಓದಿದ ಹುಡುಗಿ. ಬರಿಗೈಯಲ್ಲಿ ಗೊಬ್ಬರ ಕೆದಕುತ್ತಾಳೆ, ಎರೆಹುಳವನ್ನು ಅಂಗೈ ಮೇಲಿಟ್ಟು ನೋಡಿ ನಗುತ್ತಾಳೆ. ಆ ಕೈ ಹಿಟ್ಟಿಗೆ ಹೋಗುವುದೆಂದರೇನು, ಥೂ.

ಮನೆ ನಡೆಯುತ್ತಿದ್ದದ್ದು ಅಡುಗೆಮನೆಯ ಗೋಡೆಗೇ ಅಂಟಿಸಿ ಕಟ್ಟಿದ ಪ್ಲಾಸ್ಟಿಕ್ಕಿನ ಹಸಿರುಮನೆಯ ಸೌತೆಕಾಯಿಯಿಂದ. ಎರಡು ವರ್ಷದಿಂದ ಅದಕ್ಕೆ ಬೇರುಗಂಟು ರೋಗ ಹತ್ತಿತ್ತು. ಬೆಳಿಗ್ಗೆ ನಳನಳಿಸುವ ಬಳ್ಳಿ ಮಧ್ಯಾಹ್ನಕ್ಕೆ ಜೋತುಬೀಳುತ್ತಿತ್ತು. ಕಿತ್ತು ನೋಡಿದರೆ ಬೇರಿನ ತುಂಬ ಬೊಕ್ಕೆ ಎದ್ದಂತೆ ಊದಿದ ಗಂಟುಗಳು. ಗಂಟನ್ನು ಉಗುರಿನಿಂದ ಒಡೆದರೆ ಒಳಗೆ ಲೋಳೆ. ಆ ಲೋಳೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹುಳಗಳು ನೂರಾರು ಇವೆ ಎಂದು ಶೋಹಿದಾ ಹೇಳಿದ ದಿನ ಮಸ್ತೂರಾ ಸೌತೆಕಾಯಿ ತಿನ್ನುವುದನ್ನೇ ಬಿಟ್ಟಳು.

ಹಿಂದಿನ ವಸಂತದಲ್ಲಿ ಮಗ ಜೋಕಿರ್ ಬಜಾರಿನಿಂದ ಹೆಸರಿಲ್ಲದ ಚೀಲದಲ್ಲಿ ವಿಷದ ಹರಳು ತಂದು ಮಣ್ಣಿಗೆ ಬೆರೆಸಿದ್ದ. ಹುಳ ಸತ್ತವೋ ಬಿಟ್ಟವೋ, ಮನೆಯ ಬೆಕ್ಕು ಸತ್ತಿತು. ದಿನವಿಡೀ ಅಲ್ಲೇ ದುಡಿಯುತ್ತಿದ್ದ ಶೋಹಿದಾಳ ನಾಲ್ಕು ತಿಂಗಳ ಬಸಿರು ಇಳಿದುಹೋಯಿತು. ವಿಷದಿಂದಲೇ ಹೀಗಾಯಿತು ಎಂದು ಹೇಳಲಾಗದು ಎಂದರು ಡಾಕ್ಟರು. ಮಸ್ತೂರಾ ಸೊಸೆಯ ಬಟ್ಟೆಗಳನ್ನು ತಾನೇ ಒಗೆದು ಹರವಿದಳು. ಈಗ ಅಕ್ಟೋಬರಿನಲ್ಲಿ ಶೋಹಿದಾಗೆ ಮತ್ತೆ ಎರಡು ತಿಂಗಳು. ಫೆಬ್ರವರಿಯಲ್ಲಿ ಸಸಿ ನೆಡಬೇಕು. ಅಷ್ಟರಲ್ಲಿ ಬೇರೆ ದಾರಿ ಕಾಣದಿದ್ದರೆ ಮತ್ತೆ ವಿಷವೇ ಗತಿ, ಇನ್ನೊಂದು ಬೆಳೆ ಹೋದರೆ ಉಣ್ಣುವುದೇನು ಎಂದ ಜೋಕಿರ್. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ.

ಶೋಹಿದಾ ತನ್ನ ಹಳೆಯ ಮೇಷ್ಟ್ರ ಹತ್ತಿರ ಹೋಗಿ, ಬೆರಳುದ್ದದ ಗಾಜಿನ ಕೊಳವೆಯಲ್ಲಿ ಒಂದು ಚಿಟಿಕೆ ಬಿಳಿ ಬೂಷ್ಟು ತಂದಳು. ಗಂಡನಿಗೆ ಹೇಳಿದಳು, ಅತ್ತೆಗೆ ಹೇಳುವ ಧೈರ್ಯ ಸಾಲಲಿಲ್ಲ. ಗೋದಿ ಬೇಯಿಸಿ, ಉಪ್ಪಿನಕಾಯಿಯ ಐದು ಗಾಜಿನ ಭರಣಿಗಳಿಗೆ ತುಂಬಿ, ಬೂಷ್ಟು ಬೆರೆಸಿ, ಕಲ್ಲಿದ್ದಲಿನ ಕೊಠಡಿಯಲ್ಲಿ ಬಚ್ಚಿಟ್ಟಳು. ಮೂರು ಭರಣಿ ಹಸಿರಾಗಿ, ಕಪ್ಪಾಗಿ, ಕೊಳೆತು ನಾರಿದವು. ಎರಡು ಬೆಳ್ಳಗೆ ಬಂದವು. ಡಿಸೆಂಬರಿನ ಒಂದು ಬೆಳಿಗ್ಗೆ ಆ ಎರಡನ್ನೂ ಹಸಿರುಮನೆಯ ಮಣ್ಣಿನ ಮೇಲೆ ಹರಡಿದಳು. ಗುದ್ದಲಿ ತಂದು ಮುಚ್ಚಬೇಕು ಎನ್ನುವಷ್ಟರಲ್ಲಿ ತಲೆ ಸುತ್ತಿ, ಹೋಗಿ ಮಲಗಿದಳು.

ಸೊಪ್ಪು ಕೊಯ್ಯಲು ಬಂದ ಮಸ್ತೂರಾ ಕಂಡದ್ದು ಕಾಲಡಿಯಲ್ಲಿ ಚೆಲ್ಲಾಡಿದ ಗೋದಿ. ನಮ್ಮಲ್ಲಿ ಕೆಳಗೆ ಬಿದ್ದ ರೊಟ್ಟಿಯ ಚೂರನ್ನಾಗಲಿ ಗೋದಿಯ ಕಾಳನ್ನಾಗಲಿ ಯಾರೂ ತುಳಿದು ಹೋಗುವುದಿಲ್ಲ. ಎತ್ತಿ, ಮುತ್ತಿಟ್ಟು, ಹಣೆಗೊತ್ತಿ, ಎತ್ತರದಲ್ಲಿಡಬೇಕು. ಸೊಸೆಯನ್ನು ಬೈಯುತ್ತ ಮೊಣಕಾಲೂರಿದಳು. ಕನ್ನಡಕ ಒಳಗೇ ಉಳಿದಿತ್ತು. ಮೊದಲ ಹಿಡಿಯನ್ನು ತುಟಿಗೊತ್ತಿದಾಗ ಏನೋ ಮೆತ್ತನೆಯ ರೋಮ ತುಟಿಗೆ ಅಂಟಿತು. ಗೋದಿ ನೀರು ಬಿದ್ದು ಮುಗ್ಗಿರಬೇಕು ಎಂದುಕೊಂಡು, ಪಾಪಕ್ಕೆ ಹೆದರಿ, ಹಣೆಗೂ ಒತ್ತಿದಳು. ಮಧ್ಯಾಹ್ನದವರೆಗೆ ಒಂದೊಂದೇ ಕಾಳು ಹೆಕ್ಕಿ, ಕುದಿಯುವ ನೀರಿನಲ್ಲಿ ತೊಳೆದು, ಹಕ್ಕಿಗಳಿಗೆಂದು ಗೋಡೆಯ ಮೇಲೆ ಸುರಿದಳು.

ಎದ್ದು ಬಂದ ಶೋಹಿದಾ ಖಾಲಿ ಮಣ್ಣು ನೋಡಿ, ಗೋದಿ ಎಲ್ಲಿ ಎಂದು ಕೂಗಿದಳು. ಆಗ ಎಲ್ಲ ಹೊರಬಿತ್ತು. ಅತ್ತೆಯನ್ನು ಅವಳು ಓಯಿ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು.

"ನೀವು ಆರಿಸಿದ್ದು ಬರೀ ಗೋದಿ ಅಲ್ಲ ಓಯಿ. ಅದರ ಮೇಲೆ ಬೂಷ್ಟು ಬೆಳೆಸಿದ್ದೆ. ಮಣ್ಣಲ್ಲಿರೋ ಹುಳಾನ ಹಿಡಿದು ತಿನ್ನುತ್ತೆ ಅದು."

"ತಿನ್ನುತ್ತೆ ಅಂದ್ರೆ? ಬಾಯಿ ಇದ್ಯಾ ಅದಕ್ಕೆ?"

"ಬಾಯಿಲ್ಲ. ಹುಳದ ಮೈಯೊಳಕ್ಕೆ ಬೇರು ಬಿಟ್ಟು, ಒಳಗಿಂದ್ಲೇ ತಿನ್ನುತ್ತೆ."

ಮಸ್ತೂರಾ ತುಟಿ ಮುಟ್ಟಿಕೊಂಡಳು, ಆಮೇಲೆ ಬಚ್ಚಲಿಗೆ ಓಡಿದಳು. ಉಪ್ಪು, ಸೋಡಾ, ಬೂದಿ, ಕೊನೆಗೆ ಗಾಯಕ್ಕೆ ಹಚ್ಚುವ ಸ್ಪಿರಿಟ್ಟಿನಿಂದಲೂ ತುಟಿ ಉಜ್ಜಿದಳು. ತುಟಿ ಊದಿಕೊಂಡಿತು. ಎರಡು ದಿನ ಬಿಸಿನೀರು ಬಿಟ್ಟು ಏನೂ ಗಂಟಲಿಗಿಳಿಯಲಿಲ್ಲ. ಈ ವಯಸ್ಸಿನಲ್ಲಿ ಮುತ್ತಿಡಲು ಮಸ್ತೂರಾಗೆ ಬೂಷ್ಟೇ ಸಿಕ್ಕಿತೇ ಎಂದು ತುರ್ಸುನೊಯ್ ಬೀದಿಯ ತಂದೂರಿನ ಬಳಿ ನಗೆ ಹಬ್ಬಿಸಿದಳು.

ನಗೆ ಹೋಗಲಿ, ಬೆಳೆಸಿದ್ದೆಲ್ಲ ಹಕ್ಕಿಯ ಪಾಲಾಗಿತ್ತು. ಕೊಳವೆಯ ತಳದಲ್ಲಿ ಉಗುರಿನಷ್ಟು ಉಳಿದಿತ್ತು. ಶೋಹಿದಾ ಅದರಲ್ಲಿ ಸ್ವಲ್ಪ ತೆಗೆದು ಇನ್ನೆರಡು ಭರಣಿ ಹಾಕಿದಳು, ಎರಡೂ ಹಸಿರಾದವು. ಜೋಕಿರ್ ಹೊಸ ಚೀಲ ವಿಷ ತಂದು ಬಾಗಿಲ ಹಿಂದೆ ಒರಗಿಸಿ, ಜನವರಿಯ ಕೊನೆಯವರೆಗೆ ಕಾಯುತ್ತೇನೆ ಎಂದ. ಮಸ್ತೂರಾ ಕಸ ಗುಡಿಸುವಾಗೆಲ್ಲ ಆ ಚೀಲ ಪೊರಕೆಗೆ ತಗಲುತ್ತಿತ್ತು. ಇತ್ತ ಬೂಷ್ಟು, ಅತ್ತ ವಿಷ, ನಡುವೆ ಸೊಸೆಯ ಹೊಟ್ಟೆ. ಬಿಸಿತುಪ್ಪದ ಪಾಡಾಯಿತು ಅವಳದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಚೀಲ ಬಂದ ನಾಲ್ಕನೆಯ ದಿನ ಅವಳೇ ಸೊಸೆಯನ್ನು ಕರೆದು, ಆ ಹೊಲಸು ಏನು ಮಾಡುತ್ತದೋ ತನಗೆ ಕಣ್ಣಾರೆ ತೋರಿಸು ಎಂದಳು.

ಶೋಹಿದಾ ಊರ ಶಾಲೆಯಿಂದ ಸೂಕ್ಷ್ಮದರ್ಶಕ ತಂದು, ಗಾಜಿನ ಚೂರಿನ ಮೇಲೆ ಕೊಳವೆಯ ಬೂಷ್ಟಿಗೆ ಕೊಳೆತ ಬೇರಿನ ನೀರು ಬಿಟ್ಟು ಇಟ್ಟಳು. ಹುಳದ ಸುಳಿವು ಸಿಗುವವರೆಗೆ ಅದು ಬಲೆ ನೇಯುವುದಿಲ್ಲವಂತೆ. ಎರಡು ದಿನ ಬಿಡಬೇಕಾಯಿತು. ಆಮೇಲೆ ಮಸ್ತೂರಾ ಒಂದು ಕಣ್ಣು ಮುಚ್ಚಿ ಬಗ್ಗಿದಳು. ನೂಲಿನಂಥ ಎಳೆಗಳು, ಎಳೆಗಳ ಮೇಲೆ ಸಣ್ಣ ಸಣ್ಣ ಕುಣಿಕೆಗಳು. ಗಾಜಿನಂತೆ ತಿಳಿಯಾಗಿದ್ದ ಹುಳವೊಂದು ಬಳುಕುತ್ತ ಬಂದು ಕುಣಿಕೆಗೆ ಮೈ ತಾಗಿಸಿ ಅಂಟಿಕೊಂಡಿತು. ಒದ್ದಾಡಿತು. ಒದ್ದಾಡಿದಷ್ಟೂ ಪಕ್ಕದ ಕುಣಿಕೆಗೂ ಅಂಟಿತು. ಸ್ವಲ್ಪ ಆಚೆಗೆ ಹಿಂದಿನ ದಿನ ಸಿಕ್ಕಿದ್ದ ಇನ್ನೊಂದು ಹುಳ, ಅದರ ಚರ್ಮ ಮಾತ್ರ ಉಳಿದಿತ್ತು, ಒಳಗೆಲ್ಲ ಬೂಷ್ಟಿನ ಎಳೆ ತುಂಬಿತ್ತು. ಹುಳ ಹೊಲಸು, ಹುಳ ತಿನ್ನುವುದು ಅದಕ್ಕಿಂತ ಹೊಲಸು ಎಂದು ಮಸ್ತೂರಾ ಗೊಣಗಿದಳು. ಆ ಮಧ್ಯಾಹ್ನದ ಅಡುಗೆ ಮಾಂಸದ ಸಾರಿನಲ್ಲಿ ಬೆಂದ ಉದ್ದನೆಯ ಶಾವಿಗೆ. ತಟ್ಟೆ ಕಂಡದ್ದೇ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು.

ವಾಕರಿಸಿ ಮುಖ ತೊಳೆದು ಬಂದು, ನಿನ್ನ ಭರಣಿ ಯಾಕೆ ಹಸಿರಾಗುತ್ತವೆ ಎಂದು ಕೇಳಿದಳು. ಬೇರೆ ಬೂಷ್ಟು ಒಳಗೆ ನುಗ್ಗುತ್ತದೆ, ಇದಕ್ಕೆ ತುಂಬ ಶುಚಿ ಬೇಕು ಎಂದಳು ಶೋಹಿದಾ. ಮಸ್ತೂರಾ ಒಂದು ಖಾಲಿ ಭರಣಿ ಎತ್ತಿ ಬೆಳಕಿಗೆ ಹಿಡಿದಳು. ಮುಚ್ಚಳದ ರಬ್ಬರಿನ ಅಡಿಯಲ್ಲಿ ಹಳೆಯ ಉಪ್ಪಿನಕಾಯಿಯ ಜಿಡ್ಡು ಕಪ್ಪಗೆ ಕೂತಿತ್ತು.

"ಇಂಥ ಕೊಳಕಲ್ಲಿ ಬೂಷ್ಟೂ ಬೆಳೆಯಲ್ಲ ಕಣೇ. ಸರಿ ಆಚೆ, ನಾನ್ ಮಾಡ್ತೀನಿ."

ಆಮೇಲೆ ನಡೆದದ್ದನ್ನು ಊರು ಇಂದಿಗೂ ನೆನೆಸಿಕೊಂಡು ನಗುತ್ತದೆ. ಭರಣಿಗಳನ್ನು ಬೂದಿಯಲ್ಲಿ ತಿಕ್ಕಿದಳು, ಕುದಿಸಿದಳು. ಗೋದಿ ತುಂಬಿ ಮುಚ್ಚಿ, ಒಂದು ಸಲ ಹಬೆಯಲ್ಲಿ ಬೇಯಿಸಿದ್ದನ್ನು ನಂಬದೆ ಮೂರು ದಿನ ಮೂರು ಸಲ ಬೇಯಿಸಿದಳು. ಮೂಗು ಬಾಯಿಗೆ ವಸ್ತ್ರ ಸುತ್ತಿ, ಚಮಚವನ್ನು ಬೆಂಕಿಯಲ್ಲಿ ಕಾಯಿಸಿ, ಉಸಿರು ಬಿಗಿಹಿಡಿದು ಬೂಷ್ಟು ದಾಟಿಸಿದಳು. ಒಂದೊಂದು ಭರಣಿ ಮುಚ್ಚಿದ ಮೇಲೂ ಅಂಗಳಕ್ಕೆ ಬಂದು ಉಗಿದು ಹೋಗುತ್ತಿದ್ದಳು. ಆದರೆ ಚಳಿಗಾಲದಲ್ಲಿ ಬೂಷ್ಟು ಬೆಳೆಯುವಷ್ಟು ಬೆಚ್ಚಗಿನ ಜಾಗ ಮನೆಯಲ್ಲಿ ಒಂದೇ, ಒಲೆಯ ಹಿಂದಿನ ಗೂಡು. ಅಲ್ಲಿ ಮೂವತ್ತೈದು ವರ್ಷದಿಂದ ಹೆಪ್ಪಿನ ಮಡಕೆ ಕೂತಿತ್ತು. ಮಡಕೆಯನ್ನು ರಜಾಯಿಯಲ್ಲಿ ಸುತ್ತಿ ಮಗನ ಕೋಣೆಗೆ ಕಳಿಸಿದಳು. ಬೂಷ್ಟು ಮುಟ್ಟಿದ ಕೈಯಿಂದ ಹೆಪ್ಪು ಮುಟ್ಟುವಂತಿಲ್ಲ ಎಂದು ತನಗೆ ತಾನೇ ಕಟ್ಟಳೆ ಹಾಕಿಕೊಂಡಳು. ಅದಕ್ಕೆ ದಿನಾ ಹಿಟ್ಟು ಉಣಿಸುವ ಕೆಲಸ ಜೋಕಿರನಿಗೆ ಬಿತ್ತು; ತಾಯಿ ಬಾಗಿಲಲ್ಲಿ ನಿಂತು, ಚಮಚ ಒರೆಸೋ, ಉಸಿರು ಬಿಡಬೇಡವೋ ಎಂದು ಗದರುವಳು. ಆ ಚಳಿಗಾಲವೆಲ್ಲ ತುರ್ಸುನೊಯ್ ಮನೆಯ ರೊಟ್ಟಿ ತಿನ್ನಬೇಕಾಯಿತು. ಅದರಲ್ಲಿ ಕುರಿಯ ವಾಸನೆ ಬರುತ್ತದೆ ಎಂದು ಮಸ್ತೂರಾ ಅರ್ಧ ಹೊಟ್ಟೆಯಲ್ಲೇ ಏಳುತ್ತಿದ್ದಳು.

ಹದಿನೆಂಟು ಭರಣಿಯಲ್ಲಿ ಒಂದೂ ಹಸಿರಾಗಲಿಲ್ಲ. ಅಂದಿಜಾನಿನ ಮೇಷ್ಟ್ರಿಗೂ ಇಷ್ಟು ಶುದ್ಧವಾಗಿ ಬರುವುದಿಲ್ಲ ಎಂದು ಶೋಹಿದಾ ಹೇಳಿದಾಗ, ಇದನ್ನು ಯಾರ ಮುಂದೂ ಹೊಗಳಬೇಡ, ಮಾನ ಹೋಗುತ್ತದೆ ಎಂದಳು ಮಸ್ತೂರಾ. ಜನವರಿಯ ಕೊನೆಯಲ್ಲಿ ಗೊಬ್ಬರದೊಡನೆ ಬೆರೆಸಿ, ಗೋದಿಯನ್ನು ಯಾರ ಕಾಲೂ ತುಳಿಯದಂತೆ ಆಳದ ಸಾಲಿನಲ್ಲಿ ಹೂತು, ದೇವರ ಕ್ಷಮೆ ಕೇಳಿದಳು. ಸಸಿ ನೆಟ್ಟರು. ವಿಷದ ಚೀಲ ಬಾಗಿಲ ಹಿಂದೆಯೇ ಇತ್ತು.

ಏಪ್ರಿಲ್ಲಿನ ಒಂದು ಮಧ್ಯಾಹ್ನ ಮೂಲೆಯ ಬಳ್ಳಿಯೊಂದು ಜೋತುಬಿತ್ತು. ಜೋಕಿರ್ ಹೋಗಿ ಚೀಲದ ಹುರಿ ಕತ್ತರಿಸಿದ. ಎಂಟು ತಿಂಗಳ ಬಸುರಿ ಶೋಹಿದಾ ಗೋಡೆ ಹಿಡಿದು ನಿಂತುಬಿಟ್ಟಳು. ಜೀವಮಾನದಲ್ಲಿ ಬರಿಗೈಯಲ್ಲಿ ಮಣ್ಣು ಕೆದಕದ ಮಸ್ತೂರಾ ಕೈಗವಸನ್ನೂ ಹಾಕಿಕೊಳ್ಳದೆ ಸಾಲಿಗೆ ಇಳಿದು, ಬುಡಕ್ಕೆ ಬೆರಳು ತೂರಿಸಿ ಬಳ್ಳಿಯನ್ನು ಕಿತ್ತಳು. ಬೇರಿನಿಂದ ಕಪ್ಪು ಗೊಬ್ಬರ ಸುರಿದು ತೋಳಿಗೆ ಮೆತ್ತಿತು, ಅದರಲ್ಲಿ ಏನೋ ಹರಿದಾಡುತ್ತಿತ್ತು. ಮುಖ ಕಿವುಚಿಕೊಂಡೇ ಬೇರನ್ನು ಬೆರಳಿನಿಂದ ಸವರಿದಳು. ಬೆಳ್ಳಗಿತ್ತು. ಅಲ್ಲೊಂದು ಇಲ್ಲೊಂದು ಗಂಟು, ಅಷ್ಟೇ. ಬಳ್ಳಿಯನ್ನು ಮೇಲಕ್ಕೆ ಹಬ್ಬಿಸಲು ಕಟ್ಟಿದ ದಾರ ಬಿಗಿಯಾಗಿ ದಂಟು ಮುರಿದಿತ್ತು. ಬೇರನ್ನು ಮಗನ ಮೂಗಿನ ತನಕ ಒಯ್ದಳು.

"ನೋಡು. ದಾರ ಕಟ್ಟಿದ್ದು ನೀನು, ಬೂಷ್ಟಲ್ಲ. ಆ ಚೀಲಾನ ಎಲ್ಲಿಂದ ತಂದ್ಯೋ ಅಲ್ಲಿಗೇ ಒಯ್ದು ಹಾಕು. ಈಗ್ಲೇ."

ಅವನು ಹುರಿ ಮತ್ತೆ ಬಿಗಿದು ಚೀಲ ಹೊತ್ತು ಹೊರಟ. ಅವಳು ಬಚ್ಚಲಿಗೆ ಹೋಗಿ ಸಂಜೆಯವರೆಗೆ ಕೈ ತೊಳೆದಳು.

ಮೇ ತಿಂಗಳಲ್ಲಿ ಹೆಣ್ಣು ಮಗು ಹುಟ್ಟಿತು. ಸೌತೆಕಾಯಿ ಜೂನಿನವರೆಗೂ ಬಂತು. ಬೂಷ್ಟು ಒಂದು ಸಲ ಹಾಕಿದರೆ ಮುಗಿಯುವುದಿಲ್ಲ, ಬೆಳೆಬೆಳೆಗೂ ಹೊಸದಾಗಿ ಹಾಕಬೇಕು ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು. ನಗೆ ಹಬ್ಬಿಸಿದ್ದ ತುರ್ಸುನೊಯ್ ತಾನೇ ಬಂದು, ನಮ್ಮ ಟೊಮೆಟೊಗೂ ಒಂದು ಭರಣಿ ಕೊಡು ಎಂದು ಹಲ್ಲು ಕಿರಿದಳು. ಮಸ್ತೂರಾ ಮೊದಲು ನಿನ್ನ ಭರಣಿ ತಿಕ್ಕಿಕೊಂಡು ಬಾ ಎಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು.

ಬಾಣಂತನದ ನಲವತ್ತು ದಿನ ಕಳೆದ ಬೆಳಿಗ್ಗೆ ಶೋಹಿದಾ ಮಿಂದು ಅಡುಗೆಮನೆಗೆ ಬಂದಾಗ, ಹೆಪ್ಪಿನ ಮಡಕೆ ಬಿಳಿ ಬಟ್ಟೆ ಸುತ್ತಿಕೊಂಡು ಅವಳು ಕೂತು ಕೆಲಸ ಮಾಡುವ ಜಾಗದಲ್ಲಿ ಕೂತಿತ್ತು. ಮಸ್ತೂರಾ ದೂರ, ಹೊಸ್ತಿಲ ಆಚೆ ನಿಂತಿದ್ದಳು.

"ಇನ್ನು ಇದು ನಿಂದು. ಭರಣಿಗಳನ್ನ ನಾನು ನೋಡ್ಕೋತೀನಿ. ಎರಡೂ ಒಂದೇ ಕೈಯಲ್ಲಿ ಆಗಲ್ಲ."

"ಓಯಿ, ಆ ಹೊಲಸು ಕೆಲಸ ನಾನು ಮಾಡ್ತೀನಿ. ನಿಮಗೆ ರೊಟ್ಟಿ ಅಂದ್ರೆ ಪ್ರಾಣ."

"ಆ ಕೈಯಲ್ಲಿ ಮೊಲೆ ಹಿಡಿದು ಮಗೂಗೆ ಹಾಲು ಕೊಡ್ತೀಯಾ? ಥೂ."

"ಮತ್ತೆ ನೀವು ಮಗೂನ ಎತ್ಕೊಳ್ಳಲ್ವಾ?"

"ಏಳು ನೀರಲ್ಲಿ ತೊಳ್ಕೊಂಡು ಎತ್ಕೋತೀನಿ. ಮಗು ಒಪ್ಪುತ್ತೆ. ಹೆಪ್ಪು ಒಪ್ಪಲ್ಲ."

ಆ ದಿನ ಶೋಹಿದಾ ಸುಟ್ಟ ಮೊದಲ ರೊಟ್ಟಿ ಒಂದು ಕಡೆ ಕರಕಲಾಗಿ, ಇನ್ನೊಂದು ಕಡೆ ಬಿಳಚಿಕೊಂಡು ಬಂತು. ಮಸ್ತೂರಾ ಅದನ್ನು ಬೆಳಕಿಗೆ ಹಿಡಿದಳು, ಮೂಸಿದಳು. ಅಂಚು ಒರೆಸಲಿಲ್ಲ. ಮುರಿದು ತಿಂದಳು.